ಗರಡಿಯ ಮೈಗೆ ಬಾಣಂತಿಯ ಎಣ್ಣೆ

ಶಿಡ್ಲಘಟ್ಟದ ಮಿಡ್ಲ್ ಸ್ಕೂಲಿಗೆ ಮೇಷ್ಟ್ರಾಗಿ ಬಂದಾಗ ನನಗೆ ಇಪ್ಪತ್ತೆರಡು. ಐವತ್ತರ ದಶಕ ಇನ್ನೇನು ಮುಗಿಯುತ್ತಾ ಬಂದಿತ್ತು. ನನ್ನ ಹಳ್ಳಿ ಅಲ್ಲಿಂದ ಆರು ಮೈಲಿ. ಮನೆಯಲ್ಲಿ ಹೊಲ, ಹಿಪ್ಪುನೇರಳೆ ತೋಟ ಎಲ್ಲ ಇತ್ತು. ಆದರೆ ನೇಗಿಲು ಹಿಡಿದವರು ಅಣ್ಣಂದಿರು, ಪುಸ್ತಕ ಹಿಡಿದವನು ನಾನು, ಮತ್ತು ಅದು ಮೈ ನೋಡಿದರೇ ಗೊತ್ತಾಗುತ್ತಿತ್ತು. ಒಂದು ದಿನ ಆಷಾಢದ ಗಾಳಿಯಲ್ಲಿ ಸ್ಕೂಲಿನ ಅಂಗಳ ದಾಟುತ್ತಿದ್ದೆ. ಹೆಡ್‌ಮೇಷ್ಟ್ರು ಮಕ್ಕಳಿಗೆಲ್ಲ ಕೇಳುವ ಹಾಗೆ, "ಮೇಷ್ಟ್ರೇ, ಜೇಬಿಗೆ ಎರಡು ಕಲ್ಲಾದ್ರೂ ಹಾಕ್ಕೊಂಡು ಬನ್ರೀ, ಹಾರಿ ಹೋಗ್ತೀರಿ!" ಅಂದರು. ಅವರ ಮನಸ್ಸು ಕೆಟ್ಟದ್ದಲ್ಲ. ಆದರೆ ಏಳನೇ ಕ್ಲಾಸಿನ ನಗು ಒಂದು ವಾರ ನನ್ನ ಕಿವಿ ಬಿಡಲಿಲ್ಲ. ಶನಿವಾರ ಬೆಳಿಗ್ಗೆ ಒಂದು ತೆಂಗಿನಕಾಯಿ ಹಿಡಿದುಕೊಂಡು ಗರಡಿಗೆ ಹೋದೆ.

ಗರಡಿ ಇದ್ದದ್ದು ಆಂಜನೇಯನ ಗುಡಿಯ ಹಿಂದೆ. ಬಗ್ಗಿಯೇ ಒಳಗೆ ಹೋಗಬೇಕಾದ ಗಿಡ್ಡ ಬಾಗಿಲು, ಒಳಗೆ ಮೊಣಕಾಲುದ್ದ ಕೆಂಪು ಮಟ್ಟಿ, ಗೋಡೆಗೆ ಒರಗಿಸಿಟ್ಟ ಗದೆಗಳು, ಮೂಲೆಯಲ್ಲಿ ಸಣ್ಣದರಿಂದ ದೊಡ್ಡದರವರೆಗೆ ಐದು ಕಲ್ಲುಗುಂಡು. ಸಾಮು ಕಲಿಸುವ ನಮ್ಮ ವಸ್ತಾದರು ಕಸುಬಿನಲ್ಲಿ ಬಡಗಿ. ರೇಷ್ಮೆ ನೂಲು ತೆಗೆಯುವ ಚರಕ ಮಾಡುವುದರಲ್ಲಿ ಅವರಿಗೆ ತಾಲ್ಲೂಕಿನಲ್ಲೇ ಹೆಸರು. ಐವತ್ತು ದಾಟಿದ್ದರೂ ಮೂರನೇ ಗುಂಡನ್ನು ಮಗುವನ್ನೆತ್ತಿದ ಹಾಗೆ ಹೆಗಲಿಗೇರಿಸುತ್ತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸರಿ, ಬುನಾದಿಯಿಂದಲೇ ಶುರು ಮಾಡಣ" ಅಂದರು.

ಮೊದಲ ದಿನ ಐವತ್ತು ದಂಡ, ನೂರು ಬಸ್ಕಿ ಅಂದಿದ್ದರು. ನನ್ನ ಹಟಕ್ಕೆ ನಾನು ಇನ್ನೂರು ಬಸ್ಕಿ ಹೊಡೆದೆ. ಮಾರನೆಯ ದಿನ ಸ್ಕೂಲಿನ ನಾಲ್ಕು ಮೆಟ್ಟಿಲು ಹತ್ತಲಾಗದೆ ಗೋಡೆ ಹಿಡಿದು ಪಕ್ಕಕ್ಕೆ ತಿರುಗಿ ಏಡಿಯ ಹಾಗೆ ಹತ್ತಿದೆ. ಆದರೂ ಬಿಡಲಿಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ಗದೆ ತಿರುಗಿಸುವುದು ಬಂತು, ಮೊದಲನೇ ಗುಂಡು ಎದೆವರೆಗೆ ಬಂತು. ಷರಟಿನ ತೋಳು ತುಂಬತೊಡಗಿತು.

ಗರಡಿಯಲ್ಲಿ ಸಾಮು ಮುಗಿದ ಮೇಲೆ ಮಾಲೀಸು ಇರುತ್ತಿತ್ತು. ವಸ್ತಾದರ ಪ್ರಕಾರ ಮಾಲೀಸೂ ಒಂದು ಸಾಮು. ಮಲಗಿಸಿ, ಎಣ್ಣೆ ಸುರಿದು, ಇಬ್ಬರು ಜಟ್ಟಿಗಳು ತೊಡೆ ಬೆನ್ನುಗಳನ್ನು ಹಿಟ್ಟು ನಾದುವ ಹಾಗೆ ನಾದುತ್ತಿದ್ದರು. ಕೊನೆಗೆ ಒಬ್ಬ ಬೆನ್ನ ಮೇಲೆ ನಿಂತು ತುಳಿಯುತ್ತಿದ್ದ. ಅಯ್ಯೋ ಅಂದರೆ ಇನ್ನೂ ಜೋರು. ನನಗಂತೂ ಗುಂಡಿಗಿಂತ ಈ ಮಾಲೀಸಿನದೇ ಭಯ.

ಒಂದು ಭಾನುವಾರ ಎರಡನೇ ಗುಂಡಿಗೆ ಕೈ ಹಾಕಿದೆ. ಅದು ಮೊಣಕಾಲಿನವರೆಗೆ ಬಂತು, ನನ್ನ ಸೊಂಟ ಅಲ್ಲೇ ಹಿಡಿದುಕೊಂಡಿತು. ಗೆಳೆಯರು ಮಲಗಿಸಿ ತುಳಿದರು. ಎದ್ದಾಗ ಮೊದಲಿಗಿಂತ ಎರಡರಷ್ಟು ಬಗ್ಗಿದ್ದೆ. ಹಾಗೇ ನಡೆದು ಮನೆಗೆ ಬಂದೆ.

ಮನೆ ಅಂದರೆ ಅಕ್ಕನ ಮನೆ. ಭಾವ ನೂಲಿನ ವ್ಯಾಪಾರದ ಮೇಲೆ ಊರೂರು ಅಲೆಯುತ್ತಿದ್ದರು, ಅಕ್ಕನಿಗೆ ಆಗಷ್ಟೇ ಎರಡನೇ ಹೆರಿಗೆಯಾಗಿತ್ತು. ಬಾಣಂತಿಗೂ ಮಗುವಿಗೂ ಎಣ್ಣೆ ತಿಕ್ಕಿ ನೀರೆರೆಯಲು ದಿನಾ ಬೆಳಿಗ್ಗೆ ಒಬ್ಬ ಸೂಲಗಿತ್ತಿ ಬರುತ್ತಿದ್ದಳು. ಅರವತ್ತು ದಾಟಿದ, ಕಡ್ಡಿಯಂಥ ಹೆಂಗಸು. ಅರ್ಧ ತೆಲುಗು ಆಡುವ ನಮ್ಮ ಊರಿನಲ್ಲಿ ಅವ್ವ ಅಂದರೆ ಅಜ್ಜಿ. ಎಲ್ಲರೂ ಅವಳನ್ನು ಅವ್ವ ಅಂತಲೇ ಕರೆಯುತ್ತಿದ್ದರು. ಹಾಗೆ ಕರೆಯುತ್ತಲೇ ಅವಳಿಗೆ ಹಿತ್ತಲ ಬಾಗಿಲು ತೋರಿಸುತ್ತಿದ್ದರು, ಯಾಕೆಂದರೆ ಅವಳು ಊರಾಚೆಯ ಕೇರಿಯವಳು. ನಮ್ಮ ಮನೆಯಲ್ಲೂ ಅವಳ ಲೋಟ ಹಿತ್ತಲ ಗೋಡೆಯ ಗೂಡಿನಲ್ಲಿ ಬೇರೆಯೇ ಇತ್ತು. ಅವಳು ಮುಟ್ಟಿದವರೆಲ್ಲ ಆಮೇಲೆ ತಲೆ ತುಂಬ ಬಿಸಿನೀರು ಹಾಕಿಕೊಳ್ಳಲೇಬೇಕಿತ್ತಲ್ಲ, ಮೈಲಿಗೆಯ ಮಾತು ಆ ಎಣ್ಣೆಯ ಜೊತೆ ಬಚ್ಚಲಲ್ಲೇ ಹರಿದುಹೋಗುತ್ತಿತ್ತು. ಆಗ ಅದು ನನಗೆ ವಿಚಿತ್ರ ಅನ್ನಿಸಿರಲಿಲ್ಲ. ಹಾಗೆ ಅನ್ನಿಸಲಿಲ್ಲವಲ್ಲ ಅನ್ನುವುದೇ ಈಗ ನಾಚಿಕೆ.

ನಾನು ಬಗ್ಗಿಕೊಂಡು ಹಿತ್ತಲಿಗೆ ಬಂದಾಗ ಅವ್ವ ಮಗುವನ್ನು ಚಾಚಿದ ಕಾಲಿನ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು. ಕತ್ತೆತ್ತಿ ನನ್ನನ್ನು ನೋಡಿದಳು.

"ಏನ್ ಮೇಷ್ಟ್ರೇ, ನಿಮಗೂ ಹೆರಿಗೆ ಆಯ್ತಾ?"

ಒಳಗಿಂದ ಅಕ್ಕ ಕಿಸಕ್ಕನೆ ನಕ್ಕಳು. ನನಗೆ ಕೋಪ ಬಂತು, ಆದರೆ ನೆಟ್ಟಗೆ ನಿಂತು ಕೋಪ ಮಾಡಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ.

"ಸೊಂಟ ಹಿಡ್ಕೊಂಡಿದೆ ಅವ್ವ. ಗುಂಡು ಎತ್ತಕ್ಕೆ ಹೋಗಿದ್ದೆ."

"ಎತ್ತಿದ್ದಕ್ಕೆ ಹಿಡ್ಕೊಂಡಿದ್ದೋ, ಆಮೇಲೆ ಯಾರಾದ್ರೂ ತುಳಿದ್ರೋ?"

"ತುಳಿದ್ರು."

"ಅದೇ ಅಂದ್ಕೊಂಡೆ." ಮಗುವಿಗೆ ನೀರೆರೆದು, ಬಟ್ಟೆ ಸುತ್ತಿ ಅಕ್ಕನ ಕೈಗೆ ಕೊಟ್ಟು ಬಂದಳು. "ಚಾಪೆ ಹಾಕ್ಕೊಂಡು ಬೋರಲು ಮಲಗಿ. ಈ ಎಣ್ಣೆ ಇನ್ನೂ ಬೆಚ್ಚಗೇ ಇದೆ."

ಓಮ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಳ್ಳೆಣ್ಣೆ. ನಾನು ಹಿಂದೆಮುಂದೆ ನೋಡಿದೆ. ಗಂಡಸು, ಅದರಲ್ಲೂ ಗರಡಿ ಆಳು, ಬಾಣಂತಿಯ ಎಣ್ಣೆಗೆ ಮೈಯೊಡ್ಡುವುದೇ? ಅಕ್ಕ ಬಾಗಿಲಲ್ಲಿ ನಿಂತು, "ಮಲಗೋ, ಶಾಲೆಗೆ ನಾಕು ಕಾಲಲ್ಲಿ ಹೋಗ್ತೀಯಾ?" ಅಂದಳು. ಮಲಗಿದೆ.

ಅವ್ವ ಮೊದಲು ಏನೂ ಮಾಡಲೇ ಇಲ್ಲ. ಎರಡು ಅಂಗೈಯನ್ನು ನನ್ನ ಸೊಂಟದ ಮೇಲೆ ಸುಮ್ಮನೆ ಇಟ್ಟುಕೊಂಡು ಕೂತಳು. ನನ್ನ ಉಸಿರು ಸಮಕ್ಕೆ ಬಂದ ಮೇಲೆ ಕೈ ಮೆಲ್ಲಗೆ ಓಡಾಡತೊಡಗಿತು. ಕಳೆದುಹೋದ ಸೂಜಿಯನ್ನು ಕತ್ತಲಲ್ಲಿ ನೆಲದ ಮೇಲೆ ತಡವಿ ಹುಡುಕುವವರ ಹಾಗೆ. ಬೆನ್ನುಹುರಿಯ ಎಡಕ್ಕೆ, ಸೊಂಟದ ಎಲುಬಿಗಿಂತ ಮೇಲೆ ಬೆರಳು ನಿಂತಿತು. "ಇಲ್ಲಿದ್ದಾನೆ ಕಳ್ಳ" ಅಂದಳು. ಹೆಬ್ಬೆರಳು ಊರಿದಳು. ನೋವು ಪಾದದವರೆಗೆ ಓಡಿತು. ನಾನು ಕೂಗಿಕೊಂಡೆ. ಗರಡಿಯಲ್ಲಾಗಿದ್ದರೆ ಇನ್ನೂ ಒತ್ತುತ್ತಿದ್ದರು. ಅವ್ವನ ಬೆರಳು ಅಲ್ಲೇ ನಿಂತಿತು, ಒತ್ತಲೂ ಇಲ್ಲ, ಬಿಡಲೂ ಇಲ್ಲ.

"ಉಸಿರು ಬಿಡು ನಾಯನಾ. ಬಿಗಿ ಹಿಡಿದ್ರೆ ಅದು ಒಳಗೇ ಕೂತ್ಕೊಂತದೆ. ಬಿಡು, ಬಿಡು... ಹಾಂ."

ಮಾತಿನಲ್ಲಿ ಮೇಷ್ಟ್ರು, ಬನ್ನಿ, ಹೋಗಿ ಅನ್ನುತ್ತಿದ್ದವಳು ಮೈಮೇಲೆ ಕೈಯಿಟ್ಟ ಕೂಡಲೇ, ಮಕ್ಕಳನ್ನು ಅಪ್ಪಾ ಅನ್ನುವ ಹಾಗೆ ನಾಯನಾ ಅನ್ನುತ್ತಾ, ಏಕವಚನಕ್ಕೆ ಇಳಿಯುತ್ತಿದ್ದಳು. ಅವಳ ಕೈಕೆಳಗೆ ಮಲಗಿದವರೆಲ್ಲ ಅವಳಿಗೆ ಕೂಸುಗಳೇ. ಉಸಿರು ಬಿಟ್ಟ ಹಾಗೆಲ್ಲ ಬೆರಳು ಒಂದು ಕೂದಲೆಳೆಯಷ್ಟು ಒಳಗೆ ಇಳಿಯಿತು. ಆಮೇಲೆ ಮೊಣಕೈ ಊರಿ, ತನ್ನ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಸೊಂಟದಿಂದ ಪಕ್ಕೆಯವರೆಗೆ ನಿಧಾನಕ್ಕೆ ಎಳೆದಳು. ಒಂದು ಗಳಿಗೆಯಲ್ಲಿ ಒಳಗೆಲ್ಲೋ ಗಂಟು ಬಿಚ್ಚಿದ್ದು ನನಗೇ ಗೊತ್ತಾಯಿತು. ಯಾಕೋ ಕಣ್ಣಲ್ಲಿ ನೀರು ಬಂತು, ನೋವಿಗಲ್ಲ. ಅವ್ವ ನೋಡಿಯೂ ನೋಡದವಳ ಹಾಗೆ ತೊಡೆಗೆ ಎಣ್ಣೆ ಹಚ್ಚಿದಳು.

ಲಕ್ಕಿಸೊಪ್ಪು ಹಾಕಿ ಕಾಯಿಸಿದ ಹಂಡೆಯ ನೀರನ್ನು ಹೊಯ್ದುಕೊಂಡು ಮಲಗಿದವನು ಎದ್ದದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಸೋಮವಾರ ಮೆಟ್ಟಿಲನ್ನು ನೆಟ್ಟಗೆ ಹತ್ತಿದೆ.

ಅಲ್ಲಿಂದ ಮುಂದೆ ವಾರಕ್ಕೆ ಒಂದು ದಿನ, ಮಗುವಿನ ಸರದಿ ಮುಗಿದ ಮೇಲೆ ನನ್ನ ಸರದಿ. ಅವ್ವ ನಿಬಂಧನೆ ಹಾಕಿದ್ದಳು. ಸಾಮು ಮಾಡಿ ಬೆವರು ಆರದೆ ಎಣ್ಣೆ ಮುಟ್ಟಿಸಬಾರದು. ಊದಿಕೊಂಡ ಜಾಗವನ್ನು ತಿಕ್ಕಬಾರದು. ಎಣ್ಣೆ ತಿಕ್ಕಿಸಿಕೊಂಡ ದಿನ ಗುಂಡಿನ ಹತ್ತಿರ ಹೋಗಬಾರದು, ನೀರು ಚೆನ್ನಾಗಿ ಕುಡಿದು ಮಲಗಬೇಕು. "ಒಂದು ದಿನ ಸುಮ್ನೆ ಇದ್ರೆ ಮೈ ಕರಗಿ ಹೋಗಲ್ಲ. ಕೂಸು ಬೆಳೆಯೋದು ನಿದ್ದೆಯಲ್ಲಿ. ನಿಮ್ಮ ತೋಳೂ ಅಷ್ಟೇ" ಅನ್ನುತ್ತಿದ್ದಳು. ನನಗೂ ಕಲಿಸಿದಳು. ಹೆಬ್ಬೆರಳು ಬಳಸಿದರೆ ಹೆಬ್ಬೆರಳೇ ಹಾಳಾಗುತ್ತದೆ, ಮೊಣಕೈ ಬಳಸು. ಬಲ ಹಾಕಬೇಡ, ಭಾರ ಬಿಡು. ಬೆರಳಿಗೆ ಕಣ್ಣು ಬರುವ ತನಕ ಅವಸರ ಬೇಡ. ನಾನು ಅದನ್ನೆಲ್ಲ ಪಾಠದ ಟಿಪ್ಪಣಿ ಬರೆಯುವ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದುಕೊಂಡೆ. ಅವ್ವನಿಗೆ ಓದಿ ಹೇಳಿದಾಗ, "ಇಷ್ಟೆಲ್ಲ ನಾನು ಹೇಳಿದ್ನಾ?" ಅಂತ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು.

ಎರಡನೇ ಗುಂಡು ಹೆಗಲಿಗೆ ಬಂದ ದಿನ ಗರಡಿಯ ಗೆಳೆಯರಿಬ್ಬರು ನನ್ನನ್ನು ಹಿಡಿದುಕೊಂಡರು. ಏನು ತಿನ್ನುತ್ತೀಯ, ಏನು ಕುಡಿಯುತ್ತೀಯ ಹೇಳು ಅಂತ. ನಿಜ ಹೇಳಿದೆ. ಮೊದಲು ನಕ್ಕರು. ವಾರದೊಳಗೆ ಒಬ್ಬ "ನಿಮ್ಮಕ್ಕನ ಮಗೂನ ನೋಡಿ ಹೋಗಣ ಅಂತ ಬಂದೆ" ಅಂತ ಹಿತ್ತಲಿಗೇ ಬಂದ. ಇನ್ನೊಬ್ಬ ಸೀಗೆಕಾಯಿ ಕೊಡಲು ಬಂದ. ಇಬ್ಬರೂ ಎಣ್ಣೆ ತಿಕ್ಕಿಸಿಕೊಂಡೇ ಹೋದರು.

ಸುದ್ದಿ ವಸ್ತಾದರಿಗೆ ಮುಟ್ಟಿತು. ಒಂದು ಬೆಳಿಗ್ಗೆ ಎಲ್ಲರ ಎದುರಿಗೆ ನನ್ನನ್ನು ಕರೆದರು.

"ಏನ್ರೀ ಮೇಷ್ಟ್ರೇ, ಬಾಣಂತಿ ಉಜ್ಜೋ ಕೈಯಲ್ಲಿ ಪೈಲ್ವಾನರು ಮೈ ಉಜ್ಜಿಸ್ಕೊಂತಿದಾರಂತೆ? ಅದೂ ಕೇರಿಯಿಂದ ಬರೋ ಹೆಂಗಸಿನ ಕೈಲಿ? ಈ ಮಟ್ಟಿ ಬೇಕಾದ್ರೆ ಅದು ಬಿಡಿ. ಅದು ಬೇಕಾದ್ರೆ ನಾಳೆಯಿಂದ ಇಲ್ಲಿಗೆ ಬರ್ಬೇಡಿ."

ನಾನು ತಲೆ ತಗ್ಗಿಸಿ "ಆಗಲಿ ವಸ್ತಾದ್ರೇ" ಅಂದೆ. ಅಷ್ಟೇ ಅಂದೆ. ಮಾರನೆಯ ದಿನದಿಂದ ಅವ್ವ ಬರುವ ಹೊತ್ತಿಗೆ ಮುಂಬಾಗಿಲಿನಿಂದ ಹೊರಟುಬಿಡುತ್ತಿದ್ದೆ, ಸ್ಕೂಲಿನಲ್ಲಿ ಪುಸ್ತಕ ತಿದ್ದುವುದಿದೆ ಅಂತ. ಐದಾರು ದಿನ ಕಳೆದ ಮೇಲೆ ಸಂತೆಬೀದಿಯಲ್ಲಿ ಅವಳೇ ಎದುರಾದಳು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅವಳು ಮಾತ್ರ ಬದಿಗೆ ಸರಿದು ನಿಂತು, ನನ್ನ ನಡಿಗೆ ನೋಡಿ, "ಎಡಗಾಲು ಎಳೀತಿದೀರಿ ಮೇಷ್ಟ್ರೇ. ತೊಡೆ ಹಿಂದುಗಡೆ ಗಂಟು ಕಟ್ಟಿದೆ. ಬಿಸಿನೀರಲ್ಲಿ ಬಟ್ಟೆ ಅದ್ದಿ ಹಾಕ್ಕೊಳ್ಳಿ" ಅಂದು ಹೊರಟುಹೋದಳು. ಯಾಕೆ ಬರುತ್ತಿಲ್ಲ ಅಂತ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಅದಾದ ತಿಂಗಳಿಗೆ, ಚಿಂತಾಮಣಿಯ ಗರಡಿಯವರು ನಮ್ಮಲ್ಲಿಗೆ ಬಂದಿದ್ದಾಗ, ವಸ್ತಾದರು ಅವರ ಮುಂದೆ ನಾಲ್ಕನೇ ಗುಂಡು ಎತ್ತಲು ಹೋದರು. ಎದೆಯವರೆಗೆ ಬಂದ ಗುಂಡು ಬಲ ಹೆಗಲಿನ ಮೇಲೆ ವಾಲಿ ಜಾರಿತು. ಬಿಡಲು ಮನಸ್ಸಿಲ್ಲದೆ ಹಿಡಿದರು. ಟಕ್ ಅಂತ ಒಂದು ಸದ್ದು ನನಗೇ ಕೇಳಿಸಿತು. ನಗುತ್ತಲೇ ಗುಂಡು ಇಳಿಸಿದರು, ಆದರೆ ಮುಖ ಬೂದಿಯಾಗಿತ್ತು. ಅತಿಥಿಗಳು ಹೋದ ಮೇಲೆ ಜಟ್ಟಿಗಳು ಪದ್ಧತಿಯಂತೆ ಜೋರಾಗಿ ಮಾಲೀಸು ಮಾಡಿದರು. ಮಾರನೆಯ ದಿನ ಹೆಗಲು ಕುಂಬಳಕಾಯಿಯಷ್ಟು ಊದಿತ್ತು. ಮೂರನೆಯ ದಿನ ಮತ್ತೆ ತಿಕ್ಕಿದರು. ವಾರ ಕಳೆದರೂ ಉಳಿ ಹಿಡಿಯಲು ಕೈ ಏಳಲಿಲ್ಲ. ಆಸ್ಪತ್ರೆಯಲ್ಲಿ ಮೂಳೆ ಮುರಿದಿಲ್ಲ, ಕೈಗೆ ವಿಶ್ರಾಂತಿ ಕೊಡಿ ಅಂದರಂತೆ. ಅರ್ಧ ಮಾಡಿದ ಚರಕಗಳು ಅಂಗಳದಲ್ಲಿ ಹಾಗೇ ಬಿದ್ದಿದ್ದವು.

ಒಂದು ಮಧ್ಯಾಹ್ನ ವಸ್ತಾದರ ಹೆಂಡತಿ ಅಕ್ಕನ ಮನೆಗೆ ಬಂದರು. ಅಕ್ಕನ ಹತ್ತಿರ ಏನೋ ಪಿಸುಗುಟ್ಟಿದರು. ಅಕ್ಕ ನನ್ನನ್ನು ಕರೆದು, "ಅವ್ವನ್ನ ಇವರ ಮನೆಗೆ ಕರ್ಕೊಂಡು ಹೋಗ್ಬೇಕಂತೆ. ನೀನೇ ಹೋಗಿ ಕರಿ" ಅಂದಳು.

ನಾನು ಮೊದಲ ಸಲ ಕೇರಿಗೆ ಹೋದದ್ದು ಅಂದು. ಅವ್ವ ಮನೆಯ ಮುಂದೆ ಕೂತು ರಾಗಿ ಕೇರುತ್ತಿದ್ದಳು. ನಾನು ಒಂದೂವರೆ ತಿಂಗಳಿಂದ ನುಂಗಿಕೊಂಡಿದ್ದನ್ನು ಹೇಳಬೇಕೆಂದು ಬಾಯಿ ತೆರೆದೆ. "ಅವ್ವ, ಅವತ್ತು ನಾನು ಬರ್ದೇ ಇದ್ದದ್ದು..."

"ಗೊತ್ತು ಬಿಡಿ" ಅಂದಳು. "ಯಾರಿಗೆ ಏನಾಗಿದೆ ಹೇಳಿ."

ಹೇಳಿದೆ. ಮೊರ ಬದಿಗಿಟ್ಟು ಎದ್ದಳು.

ವಸ್ತಾದರು ನಡುಮನೆಯ ಚಾಪೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಅವ್ವ ಹೊಸ್ತಿಲ ಹೊರಗೇ ನಿಂತಳು. ವಸ್ತಾದರ ಹೆಂಡತಿ "ಒಳಗೆ ಬಾ ಅವ್ವ" ಅಂದರು. ಅವಳು ಬಂದು ಪಕ್ಕದಲ್ಲಿ ಕೂತಳು. ಊದಿದ ಹೆಗಲನ್ನು ಮುಟ್ಟಲಿಲ್ಲ, ಕತ್ತು ಬಗ್ಗಿಸಿ ಎಲ್ಲ ಕಡೆಯಿಂದ ನೋಡಿದಳು.

"ಬಲಗಡೇದೇ ಅಲ್ವಾ" ಅಂದಳು. "ನಾಯನಾ, ನೀನು ಹುಟ್ಟುವಾಗ್ಲೂ ಇದೇ ಹೆಗಲು ಸಿಕ್ಕಾಕೊಂಡಿತ್ತು."

ವಸ್ತಾದರು ಮೆಲ್ಲಗೆ ಈ ಕಡೆ ತಿರುಗಿದರು.

"ತಲೆ ಬಂದಿತ್ತು, ಹೆಗಲು ಬರ್ಲಿಲ್ಲ. ನಿಮ್ಮಮ್ಮ ಸೋತುಹೋಗಿದ್ಲು. ನಮ್ಮಮ್ಮ ಕೈ ಹಾಕಿ ನಿನ್ನ ತಿರುಗಿಸಿ ಎಳ್ಕೊಂಡ್ಲು. ನಾನು ಪಕ್ಕದಲ್ಲಿ ದೀಪ ಹಿಡ್ಕೊಂಡಿದ್ದೆ, ಹನ್ನೆರಡು ವರ್ಷ ಇದ್ದಿರಬೇಕು. ನೀನು ಅಳ್ಲಿಲ್ಲ. ಈ ತೋಳು ಹಗ್ಗದ ಹಾಗೆ ಜೋತಾಡ್ತಿತ್ತು. ಮೂರು ತಿಂಗಳು ನಮ್ಮಮ್ಮ ದಿನಾ ಬಂದು ಇದಕ್ಕೆ ಎಣ್ಣೆ ನೀವಿದ್ಲು. ಯಾರೂ ಹೇಳಿಲ್ವಾ ನಿನಗೆ?"

"ಇಲ್ಲ" ಅಂದರು ವಸ್ತಾದರು. ಆ ದನಿಯನ್ನು ನಾನು ಗರಡಿಯಲ್ಲಿ ಎಂದೂ ಕೇಳಿರಲಿಲ್ಲ. ಎಡಗೈಯಿಂದ ಆ ತೋಳನ್ನು ತಡವಿಕೊಂಡರು. ಆಮೇಲೆ ಅವರೇ, "ನೋಡಮ್ಮ. ಏನು ಮಾಡ್ಬೇಕೋ ಮಾಡು" ಅಂದರು.

ಅವ್ವ ಮೊದಲ ವಾರ ಹೆಗಲಿಗೆ ಕೈ ಹಚ್ಚಲೇ ಇಲ್ಲ. ತೋಳನ್ನು ಎದೆಗೆ ಆನಿಸಿ ಹಳೇ ಸೀರೆಯಲ್ಲಿ ಕಟ್ಟಿದಳು, ತಣ್ಣೀರು ಬಟ್ಟೆ ಹಾಕಿಸಿದಳು. ಊತ ಇಳಿದ ಮೇಲೂ ಕತ್ತಿನಿಂದ, ಬೆನ್ನಿನ ರೆಕ್ಕೆಯಿಂದ ಶುರು ಮಾಡಿದಳೇ ಹೊರತು ನೋವಿನ ಜಾಗಕ್ಕೆ ನೇರ ಹೋಗಲಿಲ್ಲ. ನನ್ನನ್ನೂ ಜೊತೆಗೆ ಕೂರಿಸಿಕೊಂಡಳು. ಸಾಯಂಕಾಲ ಸ್ಕೂಲು ಬಿಟ್ಟ ಮೇಲೆ ನಾನು ತೋಳು ಹಿಡಿದಿರಬೇಕು, ಅವಳು ನೀವಬೇಕು. ಮೂರನೇ ವಾರದಲ್ಲಿ ವಸ್ತಾದರು ಲೋಟ ಎತ್ತಿದರು. ಎರಡು ತಿಂಗಳಿಗೆ ಉಳಿ ಹಿಡಿದರು.

ಅವರು ಮೊದಲು ಮಾಡಿದ್ದು ಚರಕವನ್ನಲ್ಲ. ಹಲಸಿನ ಮರದ ಒಂದು ಮಣೆ. ಕಾಲು ಚಾಚಿ ಕೂತು ಮಗುವಿಗೆ ನೀರೆರೆಯುವವರ ಬೆನ್ನಿಗೆ ಆಸರೆ ಇರುವಂಥದ್ದು, ಅಂಚೆಲ್ಲ ಕೈಗೆ ಜಾರುವಷ್ಟು ನುಣುಪು. ನನ್ನ ಕೈಯಲ್ಲಿ ಕಳಿಸಬಹುದಿತ್ತು. ತಾವೇ ಹೆಗಲ ಮೇಲಿಟ್ಟುಕೊಂಡು, ಬಲ ಹೆಗಲ ಮೇಲೆಯೇ, ಸಂತೆಬೀದಿಯಲ್ಲಿ ಹಾದು ಕೇರಿಗೆ ಕೊಟ್ಟು ಬಂದರು. ಊರಿನ ಕೆಲವರು ಮಾತಾಡಿಕೊಂಡರು. ಯಾರೂ ಎದುರಿಗೆ ಮಾತಾಡಲಿಲ್ಲ, ಅವರ ತೋಳು ಅಂಥದ್ದು. ಗರಡಿಯಲ್ಲಿ ತುಳಿಯುವ ಮಾಲೀಸು ನಿಂತಿತು. ಮಂಗಳವಾರ ಸಾಮು ಇಲ್ಲ, ಮೈಗೆ ರಜ ಅಂತಾಯಿತು. ಅವ್ವ ಗರಡಿಯೊಳಕ್ಕೆ ಬರಲಿಲ್ಲ. ಹೆಂಗಸರು ಬರುವ ಹಾಗಿರಲಿಲ್ಲ, ಆ ಪದ್ಧತಿ ಮುರಿಯುವಷ್ಟು ದೂರ ವಸ್ತಾದರೂ ಹೋಗಲಿಲ್ಲ. ಮೈ ಹಿಡಿದುಕೊಂಡವರೇ ಅಕ್ಕನ ಹಿತ್ತಲಿಗೆ ಬರುತ್ತಿದ್ದರು.

ಒಮ್ಮೆ ನಾಲ್ವರಿಗೆ ಎಣ್ಣೆ ತಿಕ್ಕಿ ಮುಗಿಸಿದ ಅವ್ವ ಗೋಡೆಗೊರಗಿ ತನ್ನ ಮಣಿಕಟ್ಟನ್ನು ತಾನೇ ಹಿಸುಕಿಕೊಳ್ಳುತ್ತಿದ್ದಳು. "ನಿನಗೆ ಯಾರು ತಿಕ್ತಾರೆ ಅವ್ವ?" ಅಂದೆ.

"ನನಗಾ? ಮೊಮ್ಮಗಳು ಬೆನ್ನ ಮೇಲೆ ಕುಣೀತಾಳೆ, ಅಷ್ಟೇ."

"ಕೈ ಕೊಡು."

"ಬೇಡ ಮೇಷ್ಟ್ರೇ, ಯಾರಾದ್ರೂ ನೋಡ್ತಾರೆ."

"ಕಲಿಸಿದ್ದು ಬಂದಿದೆಯೋ ಇಲ್ವೋ ನೋಡು. ಪರೀಕ್ಷೆ ಅಂದ್ಕೋ."

ಕೈ ಕೊಟ್ಟಳು. ಇಷ್ಟು ಜನರ ಮೈಯೊಳಗಿನ ಗಂಟು ಬಿಚ್ಚಿದ ಆ ಕೈಯಲ್ಲಿ ಮೊಣಕೈವರೆಗೆ ಗಂಟುಗಳೇ. ಹೆಬ್ಬೆರಳಿನ ಬುಡ ಕಲ್ಲಾಗಿತ್ತು. ಅಂಗೈ ಇಟ್ಟು ಸುಮ್ಮನೆ ಕಾದೆ, ಆಮೇಲೆ ನಿಧಾನಕ್ಕೆ ಭಾರ ಬಿಟ್ಟೆ. ಅವ್ವ ಕಣ್ಣು ಮುಚ್ಚಿದಳು. "ಮೇಲೆ... ಇನ್ನೂ ಸ್ವಲ್ಪ... ಹಾಂ, ಪಾಸ್" ಅಂದಳು. ಆಮೇಲೆ ಹಾಗೇ ನಿದ್ದೆ ಹೋದಳು, ಕೂತಲ್ಲೇ, ಬಾಯಿ ಸ್ವಲ್ಪ ತೆರೆದುಕೊಂಡು. ಅಕ್ಕ ಕಾಫಿ ತಂದವಳು ನೋಡುತ್ತಾ ನಿಂತಳು. ಗೂಡಿನಲ್ಲಿದ್ದ ಲೋಟಕ್ಕೆ ಬಗ್ಗಿಸಲು ಹೋಗಿ, ಯಾಕೋ ತಡೆದು, ತನ್ನ ಕೈಯಲ್ಲಿದ್ದ ಲೋಟವನ್ನೇ ಅವಳ ಪಕ್ಕ ಇಟ್ಟಳು. ಅಲ್ಲಿಂದಾಚೆಗೆ ಅವ್ವನಿಗೆ ಅಂತ ಬೇರೆ ಲೋಟ ಇಡಲಿಲ್ಲ.

ಅರವತ್ತರ ದಶಕದ ನಡುವೆ ನನಗೆ ಗೌರಿಬಿದನೂರಿಗೆ ವರ್ಗವಾಯಿತು. ಅಷ್ಟರಲ್ಲಿ ಮದುವೆಯಾಗಿತ್ತು, ಅಲ್ಲೇ ಮಗಳು ಹುಟ್ಟಿದಳು. ತಾಯಿಯಿಲ್ಲದ ನನ್ನ ಹೆಂಡತಿಗೆ ಬಾಣಂತನ ಮಾಡುವವರು ಇರಲಿಲ್ಲ. ಅಕ್ಕನಿಗೆ ಕಾಗದ ಬರೆದೆ. ಅಕ್ಕ ಬರುತ್ತಾಳೆಂದು ಬಸ್‌ಸ್ಟ್ಯಾಂಡಿನಲ್ಲಿ ಕಾದಿದ್ದರೆ, ಚಿಕ್ಕಬಳ್ಳಾಪುರದ ಬಸ್ಸಿನಿಂದ ಅಕ್ಕನ ಹಿಂದೆಯೇ ಅವ್ವ ಇಳಿದಳು. ಕಂಕುಳಲ್ಲಿ ಎಣ್ಣೆಯ ಸೀಸೆ, ತಲೆಯ ಮೇಲೆ ಲಕ್ಕಿಸೊಪ್ಪಿನ ಕಟ್ಟು. "ಗೌರಿಬಿದನೂರಲ್ಲಿ ಸೊಪ್ಪು ಸಿಗ್ತದೋ ಇಲ್ವೋ ಅಂತ ತಂದೆ" ಅಂದಳು.

ಹದಿನೈದು ದಿನ ಇದ್ದಳು. ಹೊರಡುವ ಹಿಂದಿನ ದಿನ ನನ್ನ ಮಗಳನ್ನು ನನ್ನ ಕಾಲಿನ ಮೇಲೆ ಮಲಗಿಸಿ, "ಇನ್ನು ನೀವೇ ತಿಕ್ಬೇಕು" ಅಂದಳು. ಎಣ್ಣೆ ಅದ್ದಿದ ಬೆರಳನ್ನು ಆ ಅಂಗೈಯಗಲದ ಬೆನ್ನಿನ ಮೇಲೆ ಇಟ್ಟೆ. ವರ್ಗವಾಗುವ ಮೊದಲು ಮೂರನೇ ಗುಂಡನ್ನೂ ಎತ್ತಿದ್ದ ಕೈ ಅದು.

"ಭಾರ ಬಿಡ್ಲಾ ಅವ್ವ?"

"ಅಯ್ಯೋ, ಬೇಡ ಕಣೋ ನಾಯನಾ!" ಅಂದಳು ಅವ್ವ ಗಾಬರಿಯಿಂದ. "ಇದಕ್ಕೆ ಬರೀ ಕೈ ಇಟ್ರೆ ಸಾಕು."

ನನ್ನ ಹೆಂಡತಿ, ಅಕ್ಕ ಇಬ್ಬರೂ ನಗುತ್ತಿದ್ದರು. ನಾನು ಕೈ ಇಟ್ಟುಕೊಂಡು ಕೂತೆ. ಮಗು ಒಮ್ಮೆ ಆಕಳಿಸಿ, ಮುಷ್ಟಿ ಬಿಚ್ಚಿ, ಹಾಗೇ ನಿದ್ದೆ ಹೋಯಿತು.